ನೀಲಿ ತಾಡಪತ್ರಿಯ ವಿಳಾಸ

ನಾವು ಯಾದಗಿರಿ ಜಿಲ್ಲೆಯಿಂದ ಸುದ್ದಿ ಕಳಿಸುವವರು. ಮಳೆ ಕೈಕೊಟ್ಟ ವರ್ಷವೆಲ್ಲ ನಮ್ಮದು ಒಂದೇ ಸುದ್ದಿ: ಗುಳೆ ಹೊರಟ ಜನ, ಬೀಗ ಬಿದ್ದ ಮನೆ, ಕಟ್ಟೆಯ ಮೇಲೆ ಕೂತ ಮುದುಕರು. ಬಸ್ ಹೊರಟರೆ ಸುದ್ದಿಯೂ ಮುಗೀತು. ಆ ಜನ ಎಲ್ಲಿ ಇಳಿದರು ಎಂದು ನಾವು ಬಹಳ ವರ್ಷ ಕೇಳಲೇ ಇಲ್ಲ.

ಒಮ್ಮೆ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ನಮ್ಮ ಓಣಿಯ ಅಕ್ಕನಿಗೆ ಫೋನ್ ಮಾಡಿ ವಿಳಾಸ ಕೇಳಿದೆವು. "ವಿಳಾಸ ಎಲ್ಲೀದು ತಮ್ಮಾ? ದೊಡ್ಡ ಬಿಲ್ಡಿಂಗ್ ಹಿಂದ ಖಾಲಿ ಜಾಗಾ ಐತಿ. ನೀಲಿ ತಾಡಪತ್ರಿ ಕಾಣ್ತಾವ, ಅಲ್ಲೇ ಬಾ" ಅಂದಳು.

ಹೋಗಿ ನೋಡಿದರೆ ಸುಮಾರು ಮೂವತ್ತು ಜೋಪಡಿ. ಜಾಗಕ್ಕೆ ಬಾಡಿಗೆ, ನೀರಿಗೆ ಕೊಡದ ಲೆಕ್ಕದಲ್ಲಿ ದುಡ್ಡು. ಪಾಯಖಾನೆ ಇಲ್ಲ.

ಈ ನೀಲಿ ಬಣ್ಣವನ್ನು ನಮಗಿಂತ ಮೊದಲೇ ಗಮನಿಸಿದವರು ವಿಶ್ವವಿದ್ಯಾಲಯದವರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅನಿರುದ್ಧ ಕೃಷ್ಣ ಹಿಂದೆ ಐಎಎಸ್ ಅಧಿಕಾರಿಯಾಗಿದ್ದವರು. ಅವರು ಮತ್ತು ಜೊತೆಗಾರರು ಬೆಂಗಳೂರಿನ ಉಪಗ್ರಹ ಚಿತ್ರಗಳಲ್ಲಿ ನೀಲಿ ತಾಡಪತ್ರಿ ಗುರುತಿಸಿ, ಅಲ್ಲಿಗೇ ಹೋಗಿ ಜನರನ್ನು ಮಾತಾಡಿಸಿದರು. 2014ರಲ್ಲಿ ಅಧ್ಯಯನ ಪ್ರಕಟವಾಯಿತು. ಸ್ಲಂ ಎಂದರೆ ಎಲ್ಲವೂ ಒಂದೇ ಅಲ್ಲ ಎನ್ನುವುದು ಅದರ ತಿರುಳು. ಸರ್ಕಾರ ಘೋಷಿಸಿದ ಹಳೆಯ ಸ್ಲಂಗಳಲ್ಲಿ ಜನ ತಲೆಮಾರುಗಳಿಂದ ನೆಲೆಸಿದ್ದಾರೆ. ನೀಲಿ ಜೋಪಡಿಗಳಲ್ಲಿ ಇರುವವರು ಹೆಚ್ಚಾಗಿ ಉತ್ತರ ಕರ್ನಾಟಕದ ಬರದ ಹಳ್ಳಿಗಳಿಂದ ಈಚೆಗೆ ಬಂದ ಕಟ್ಟಡ ಕೂಲಿಗಳು. ಆ ಜಾಗಗಳು ಸರ್ಕಾರದ ಪಟ್ಟಿಯಲ್ಲಿರಲಿಲ್ಲ.

ಪಟ್ಟಿಯಲ್ಲಿ ಯಾಕಿಲ್ಲ? ನಮ್ಮ ರಾಜ್ಯದ ಕೊಳಚೆ ಪ್ರದೇಶ ಕಾಯ್ದೆ 1973ರದು. ಅದರಡಿ ಸರ್ಕಾರ ಘೋಷಿಸಿದ ಜಾಗಕ್ಕೇ ರಕ್ಷಣೆ, ಸೌಲಭ್ಯ. 2011ರ ಜನಗಣತಿಯಲ್ಲಿ ಘೋಷಣೆಯಾಗದ ಜಾಗವನ್ನೂ ಸ್ಲಂ ಎಂದು ಗುರುತಿಸಬಹುದಿತ್ತು, ಆದರೆ ಅಲ್ಲಿ ಕನಿಷ್ಠ 300 ಜನ ಅಥವಾ 60-70 ಮನೆ ಇರಬೇಕಿತ್ತು. ಮೂವತ್ತು ಜೋಪಡಿ ಆ ಲೆಕ್ಕಕ್ಕೆ ಬರುವುದಿಲ್ಲ. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕಾಯ್ದೆಯೂ ರಾಜ್ಯ ದಾಟಿದವರಿಗಾಗಿ ಮಾಡಿದ್ದು. ಯಾದಗಿರಿಯಿಂದ ಬೆಂಗಳೂರಿಗೆ ಹೋದವರು ಐದುನೂರು ಕಿಲೋಮೀಟರ್ ಹತ್ತಿರ ಹೋದರೂ ರಾಜ್ಯ ದಾಟಿದಂತಾಗುವುದಿಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಈ ಮಾತು ಹೇಳಿದಾಗ ಅಕ್ಕ ಕೇಳಿದಳು, "ವಾರಕ್ಕೊಬ್ಬ ಮೇಸ್ತ್ರಿ. ತೊಂಬತ್ತು ದಿನಕ್ಕ ಯಾರು ಸಹಿ ಹಾಕ್ತಾರ?" ನಮ್ಮಲ್ಲಿ ಉತ್ತರ ಇರಲಿಲ್ಲ.

ಹೊರಡುವಾಗ ಅವಳು ಇನ್ನೊಂದು ಮಾತು ಅಂದಳು. "ಊರಾಗ ನಮ್ಮ ಮನಿ ಬೀಗದ ಫೋಟೋ ಪೇಪರಿನಾಗ ಹಾಕಿದ್ದಿ. ನಾವು ಇಲ್ಲಿ ಇರೋದು ಯಾವಾಗ ಹಾಕ್ತಿ?"

ಸಂಶೋಧಕರು ಆಕಾಶದಿಂದ ಹುಡುಕಿದ ಜನರ ಫೋನ್ ನಂಬರ್ ನಮ್ಮ ಜೇಬಿನಲ್ಲೇ ಇತ್ತು. ತಪ್ಪು ನಮ್ಮದೂ ಇದೆ.

ಈಗ ನಮ್ಮ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆರೆದಿದ್ದೇವೆ: ಯಾರು, ಎಷ್ಟು ಜನ, ಯಾವ ಬಡಾವಣೆ, ಯಾವ ಮೇಸ್ತ್ರಿ, ಮಕ್ಕಳೆಷ್ಟು. ನಿಮ್ಮ ಊರಲ್ಲೂ ಒಂದು ಇಂಥ ಪಟ್ಟಿ ಇಡಿ. ಗ್ರಾಮ ಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ. ಅಲ್ಲಿ ಎಣಿಕೆಗೆ ಸಿಗದವರನ್ನು ಇಲ್ಲಿಂದಲಾದರೂ ಎಣಿಸೋಣ.