ಎರಡು ತುಂಡಿನ ಕೋಲು

ಗಾಳದ ಕೋಲನ್ನು ಮನೆಯಲ್ಲೇ ಕೂತು ಕಟ್ಟಬಹುದು ಎಂದರೆ ಡೊಂಬಿವಲಿಯ ನಮ್ಮ ಕಟ್ಟಡದವರು ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಮೂರು ತಿಂಗಳ ಭಾನುವಾರಗಳನ್ನು ಸುರಿದೆ ಎಂದು ಪಕ್ಕದ ಮನೆಯ ಕಾಕಾ ಈಗಲೂ ಕಿಚಾಯಿಸುತ್ತಾರೆ. ಅವರ ಲೆಕ್ಕ ಸರಿ. ಬಿಡಿಭಾಗಗಳಿಗೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಕಂಪನಿಯ ಎರಡು ಕೋಲು ಬರುತ್ತಿತ್ತು. ಆದರೆ ಅಪ್ಪಯ್ಯನ ಕೈಗೆ ಒಗ್ಗುವಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ.

ನಮ್ಮೂರು ಗಂಗೊಳ್ಳಿ ಅಳಿವೆಗೆ ಹತ್ತಿರ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳೆಲ್ಲ ಸೇರಿ ಪಂಚಗಂಗಾವಳಿ ಎಂಬ ಹೆಸರಿನಲ್ಲಿ ಕಡಲಿಗೆ ಬೀಳುವ ಜಾಗ. ಅಪ್ಪಯ್ಯ ಮೀನು ಹಿಡಿದು ಬದುಕಿದವರಲ್ಲ, ದಿನಸಿ ಅಂಗಡಿ ಇಟ್ಟಿದ್ದವರು. ಮಧ್ಯಾಹ್ನ ಬಾಗಿಲು ಹಾಕಿದರೆ ನಾಲ್ಕು ಗಂಟೆಯವರೆಗೆ ಹೊಳೆಯ ದಂಡೆಯಲ್ಲಿ ಚಟ್ಲಿ ಸಿಕ್ಕಿಸಿದ ಗಾಳ ಇಳಿಬಿಟ್ಟು ಕೂರುತ್ತಿದ್ದರು. ಹೆಚ್ಚಾಗಿ ಕಾಣೆ, ಅದೃಷ್ಟ ಇದ್ದ ದಿನ ಒಂದು ಕೆಂಬೇರಿ. ಕೋಲು ಎಂದರೆ ಹನ್ನೆರಡು ಅಡಿಯ ಒಂದೇ ಬಿದಿರು. ಒಲೆಯ ಮೇಲಿನ ಹೊಗೆಯಲ್ಲಿ ಒಣಗಿ ಕಪ್ಪಾದದ್ದು.

ಗಾಳದ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಹಳೆಯ ನಂಟಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲೇ. ಆ ದೊರೆಗಳ ಕೋಲುಗಳು ಬಿಚ್ಚಿ ಜೋಡಿಸುವಂಥವು. ಪೆಟ್ಟಿಗೆಯಲ್ಲಿಟ್ಟು ಊರೂರು ಒಯ್ಯಬೇಕಿತ್ತಲ್ಲ. ಅಪ್ಪಯ್ಯನಿಗೆ ಆ ಗರಜು ಬಿದ್ದಿರಲಿಲ್ಲ. ಮನೆಯಿಂದ ಹೊಳೆಗೆ ಮುನ್ನೂರು ಹೆಜ್ಜೆ.

ಅಬ್ಬಿ ತೀರಿಹೋದ ಮಾರನೆಯ ವರ್ಷ ಅಪ್ಪಯ್ಯನಿಗೆ ಬಲಗಡೆ ಪಾರ್ಶ್ವವಾಯು ಹೊಡೆಯಿತು. ಮಾತು ವಾರದೊಳಗೆ ಸರಿಯಾಯಿತು, ಕಾಲೂ ಬಂತು, ಬಲಗೈಯ ಹಿಡಿತ ಮಾತ್ರ ಪೂರ್ತಿ ಬರಲಿಲ್ಲ. ಹನ್ನೆರಡು ಅಡಿಯ ಬಿದಿರು ಮಾಡಿನ ಪಕ್ಕಾಸಿಗೆ ಏರಿ ಕೂತಿತು. ನಾನು ಮತ್ತು ಪುಣೆಯಲ್ಲಿರುವ ತಂಗಿ, ಇನ್ನು ಒಬ್ಬರೇ ಇರುವುದು ಬೇಡ, ಡೊಂಬಿವಲಿಗೆ ಬನ್ನಿ ಎಂದು ಬೆನ್ನು ಹತ್ತಿದೆವು. ಪ್ರತಿ ಫೋನಿನಲ್ಲೂ ಅದೇ ಮಾತು, ಅದೇ ಉತ್ತರ.

“ಹೊಳಿ ಬಿಟ್ಕಂಡ್ ಬಂದ್ ನಾ ಅಲ್ಲಿ ಎಂತ ಮಾಡುದ್ ಮಗಾ? ಗ್ವಾಡಿ ಕಾಂತಾ ಕೂಕಂಬುದಾ?”

ಡೊಂಬಿವಲಿಯಲ್ಲೂ ಉಲ್ಲಾಸ್ ಹೊಳೆ ಇದೆ ಎಂದೆ. ಅದರ ನೀರಿನ ಬಣ್ಣದ ಬಗ್ಗೆ ಹೇಳಲಿಲ್ಲ. ಬೇಕಾದರೆ ಭಾನುವಾರ ಬಾಂದ್ರಾದ ಬಂಡೆಗಳ ಮೇಲೆ ಹೋಗುವ, ಅಲ್ಲಿ ಗಾಳ ಹಾಕುವವರ ಸಾಲೇ ಇರುತ್ತದೆ ಎಂದೆ. ಅಪ್ಪಯ್ಯ ಒಂದು ಗಳಿಗೆ ಸುಮ್ಮನಿದ್ದು, ಕೋಲು ರೈಲಿನಲ್ಲಿ ತರಲು ಬಿಡುತ್ತಾರಾ ಎಂದು ಕೇಳಿದರು. ಎರಡು ವರ್ಷದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಅದು. ಎರಡು ತುಂಡಿನ ಕೋಲು ಕಟ್ಟಬೇಕೆಂಬ ಆಲೋಚನೆ ಹುಟ್ಟಿದ್ದು ಅಲ್ಲಿ.

ಏಳು ಅಡಿಯ ಕೋಲು ಎರಡಾದರೆ ಒಂದೊಂದು ತುಂಡು ಮೂರೂವರೆ ಅಡಿಗಿಂತ ತುಸು ಹೆಚ್ಚು. ಮತ್ಸ್ಯಗಂಧಾದ ಸೀಟಿನ ಅಡಿಯಲ್ಲಿ ಆರಾಮವಾಗಿ ಮಲಗುತ್ತದೆ.

ಬ್ಲ್ಯಾಂಕ್ ಎಂದರೆ ಬರೀ ಟೊಳ್ಳು ಕೋಲು. ಅದನ್ನೂ ನೈಲಾನ್ ಹುರಿ ಹಾಯುವ ಬಳೆಗಳನ್ನೂ ರೀಲು ಕೂರಿಸುವ ಸೀಟನ್ನೂ ಆನ್‌ಲೈನಿನಲ್ಲಿ ತರಿಸಿದೆ. ಉಪ್ಪು ನೀರಿಗೆ ತುಕ್ಕು ಹಿಡಿಯದ ಸ್ಟೀಲು, ಒಳಗೆ ಪಿಂಗಾಣಿಯಂಥ ಉಂಗುರ. ಹಿಡಿಗೆ ಕಾರ್ಕಿನ ಬಿಲ್ಲೆಗಳು. ಆ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಮರಳು ಕಾಗದದಲ್ಲಿ ತಿಕ್ಕಿ ಬೇಕಾದ ದಪ್ಪಕ್ಕೆ ತರಬೇಕು. ಎಷ್ಟು ದಪ್ಪ? ನಾನು ನೋಡಿದ ತಯಾರಿ ಕೋಲುಗಳ ಹಿಡಿ ಸಪೂರ, ಸುಮಾರು 25 ಮಿಲಿಮೀಟರ್. ಸೋತ ಬೆರಳುಗಳು ಸಪೂರದ್ದನ್ನು ಹಿಡಿಯಲಾರವು, ಜಾರುತ್ತದೆ.

ಅಪ್ಪಯ್ಯ ಇದಕ್ಕೆ ಉತ್ತರವನ್ನು ಆಗಲೇ ಕಂಡುಕೊಂಡಿದ್ದರು. ಚೌತಿಗೆ ಊರಿಗೆ ಹೋದಾಗ ನೋಡಿದೆ, ಊರುಗೋಲಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಒಂದು ಸುತ್ತು ಸಾಲದೆಂದು ಇನ್ನೊಂದು, ಆಮೇಲೆ ಮತ್ತೊಂದು. ಅವರು ಮಲಗಿದ್ದಾಗ ಅದರ ಸುತ್ತ ಒಂದು ದಾರ ಹಿಡಿದು ಗಂಟು ಹಾಕಿ ಜೇಬಿಗಿಟ್ಟುಕೊಂಡೆ. ಅಳೆದರೆ ಹತ್ತೂವರೆ ಸೆಂಟಿಮೀಟರ್. ಅಂದರೆ ಹಿಡಿಯ ದಪ್ಪ 33 ಮಿಲಿಮೀಟರ್.

ಎಡಗೈ ಗಟ್ಟಿ. ಹಾಗಾಗಿ ಕೋಲು ಹಿಡಿಯುವುದು ಎಡಗೈ, ರೀಲು ತಿರುಗಿಸುವುದು ಬಲಗೈ ಎಂದು ಲೆಕ್ಕ ಹಾಕಿದೆ. ತಿರುಗಿಸಲು ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು, ಜೊತೆಗೆ ಆ ಬೆರಳುಗಳಿಗೆ ವ್ಯಾಯಾಮವೂ ಆದೀತು. ರೀಲಿನ ಹಿಂದಿನ ಹಿಡಿಯನ್ನು ಉದ್ದ ಬಿಟ್ಟೆ. ಅದು ಮೊಣಕೈವರೆಗೆ ಬಂದು ಮುಂಗೈಗೆ ಒತ್ತಿ ಕೂತರೆ ಭಾರ ಮಣಿಕಟ್ಟಿನ ಮೇಲೆ ಬೀಳುವುದಿಲ್ಲ.

ಬ್ಲ್ಯಾಂಕಿಗೂ ಬೆನ್ನೆಲುಬಿದೆ. ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಒರಗಿಸಿ, ನಡುವನ್ನು ಸ್ವಲ್ಪ ಬಗ್ಗಿಸಿ ಉರುಳಿಸಿದರೆ ಒಂದು ಕಡೆ ಅದು ತಾನಾಗಿ ಛಕ್ಕೆಂದು ಮಗುಚುತ್ತದೆ. ಅಲ್ಲಿ ಗುರುತು ಹಾಕಬೇಕು. ಎರಡು ತುಂಡಿನ ಕೋಲಿನಲ್ಲಿ ಇದು ಎರಡು ಸಲದ ಕೆಲಸ, ಎರಡು ಬೆನ್ನೆಲುಬೂ ಒಂದೇ ಗೆರೆಗೆ ಬರಬೇಕು. ಬಳೆಗಳನ್ನು ಮೊದಲು ಟೇಪಿನಲ್ಲಿ ಅಂಟಿಸಿ, ಹುರಿ ಹಾಯಿಸಿ, ಕೋಲನ್ನು ಬಗ್ಗಿಸಿ ನೋಡಿದೆ. ಹುರಿ ಕೋಲಿನ ಬಾಗನ್ನೇ ಹಿಂಬಾಲಿಸಬೇಕು. ಎಲ್ಲಾದರೂ ಬಿಟ್ಟು ಅಡ್ಡದಾರಿ ಹಿಡಿದರೆ ಬಳೆಯನ್ನು ಸರಿಸಬೇಕು. ಒಂದು ಇಡೀ ಭಾನುವಾರ ಇದಕ್ಕೇ ಹೋಯಿತು.

ಎಲ್ಲಕ್ಕಿಂತ ನಾಜೂಕು ಜೋಡಣೆಯ ಜಾಗ. ಮೇಲಿನ ತುಂಡಿನ ಟೊಳ್ಳು ಬಾಯಿ ಕೆಳಗಿನ ತುಂಡಿನ ತುದಿಯನ್ನು ನುಂಗುತ್ತದೆ. ಮೀನು ಎಳೆದಾಗ ಸೀಳುವುದಿದ್ದರೆ ಆ ಬಾಯಿಯೇ ಮೊದಲು. ಅದರ ಸುತ್ತ ಎರಡು ಅಂಗುಲ ಬಿಗಿಯಾಗಿ ನೈಲಾನ್ ದಾರ ಸುತ್ತಿದೆ, ಒಂದು ಎಳೆಯ ಪಕ್ಕಕ್ಕೆ ಇನ್ನೊಂದು, ನಡುವೆ ಕೂದಲೆಳೆ ಸಂದೂ ಇಲ್ಲದಂತೆ. ಎರಡು ತುಂಡುಗಳನ್ನು ಸರಿಯಾಗಿ ಸೇರಿಸಲು ಆ ಕಡೆ ಈ ಕಡೆ ಒಂದೊಂದು ಕೆಂಪು ಚುಕ್ಕಿ ಇಟ್ಟೆ. ಅಪ್ಪಯ್ಯನ ಕಣ್ಣಿಗೆ ಕಾಣುವಷ್ಟು ದೊಡ್ಡದು.

ಸುತ್ತಿದ ದಾರದ ಮೇಲೆ ಎಪಾಕ್ಸಿ ಹಚ್ಚಬೇಕು. ಎರಡು ದ್ರವಗಳನ್ನು ಸಿರಿಂಜಿನಲ್ಲಿ ಅಳೆದು ಸಮಸಮ ಬೆರೆಸಿ, ಹಚ್ಚಿ, ಅದು ಬಿಗಿಯುವವರೆಗೆ ಗಂಟೆಗಟ್ಟಲೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಇಳಿದು ಒಂದು ಕಡೆ ಹನಿಗಟ್ಟುತ್ತದೆ. ಮುಂಬಯಿಯ ಮಳೆಗಾಲದ ಗಾಳಿ ಇದಕ್ಕೆ ಆಗುವುದಿಲ್ಲ, ಮೇಲ್ಮೈ ಮಂಜಾಗುತ್ತದೆ. ದೀಪಾವಳಿ ಕಳೆಯುವವರೆಗೆ ಕಾದೆ. ತಿರುಗಿಸಲು ಲ್ಯಾಮಿಂಗ್ಟನ್ ರೋಡಿನಿಂದ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ತಂದೆ. ನಿಮಿಷಕ್ಕೆ ಐದಾರು ಸುತ್ತು, ಹೇಳಿ ಮಾಡಿಸಿದ ಹಾಗೆ. ಹಾಲಿನಲ್ಲಿ ಎರಡು ಕುರ್ಚಿಗಳ ನಡುವೆ ಕೋಲು ತಿರುಗುತ್ತಿದ್ದುದನ್ನು ನೋಡಿ ಹೆಂಡತಿ, “ಕೋಳಿ ಒಂದ್ ಸಿಕ್ಸಿದ್ರ್ ಊಟಕ್ಕೂ ಆತಿತ್ತ್” ಎಂದಳು.

ಎಪಾಕ್ಸಿಗೆ ಮುಂಚೆ ಕೋಲಿನ ಮೇಲೆ ಹೆಸರು ಬರೆಯುವ ಪದ್ಧತಿಯುಂಟು. ಮಗಳಿಗೆ ಬಿಳಿ ಪೆನ್ನು ಕೊಟ್ಟೆ. ಅವಳು ಓದುವುದು ಇಂಗ್ಲಿಷ್, ಆಡುವುದು ಮರಾಠಿ. ಕನ್ನಡ ಅಕ್ಷರ ನಾನೇ ಕೂರಿಸಿ ಕಲಿಸಿದ್ದು. ‘ಅಜ್ಜಯ್ಯ’ ಎಂದು ಬರೆದಳು. ಎರಡು ಒತ್ತಕ್ಷರ ಬರುವ ಶಬ್ದ, ದುಂಡನೆಯ ಕೋಲಿನ ಮೇಲೆ ಸಲೀಸಲ್ಲ. ಜ ಒತ್ತು ಸ್ವಲ್ಪ ಬಾಲ ಎಳೆದುಕೊಂಡಿತು. ಒರೆಸಿ ಮತ್ತೆ ಬರೆಯುತ್ತೇನೆ ಎಂದಳು, ನಾನು ಬಿಡಲಿಲ್ಲ.

ನಲ್ಲಿ ಪೈಪಿನ ಅಂಗಡಿಯಿಂದ ನಾಲ್ಕಡಿಯ ಪಿವಿಸಿ ತಂದು, ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಕೋಲಿಟ್ಟು ಊರಿಗೆ ಒಯ್ದೆ. ಅಪ್ಪಯ್ಯ ಎರಡೂ ತುಂಡು ಹೊರತೆಗೆದು, ಚುಕ್ಕಿಗೆ ಚುಕ್ಕಿ ಸೇರಿಸಿ, ಗಾಳಿಯಲ್ಲಿ ಒಮ್ಮೆ ಬೀಸಿ, “ಹಗೂರ ಇತ್ತ್” ಎಂದರು. ಹಿಡಿಯನ್ನು ಒತ್ತಿ ನೋಡಿದರು. ಊರುಗೋಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಮಾತಾಡಲಿಲ್ಲ.

ಅವತ್ತೇ ಸಂಜೆ ದಂಡೆಗೆ ಹೋದೆವು. ಸೀಸದ ಗುಂಡು ಮೊದಲ ಸಲ ಕಾಲಬುಡದಲ್ಲೇ ಬಿತ್ತು, ಎರಡನೆಯದು ಹೊಳೆಗೆ. ಕಾಣೆ ಮರಳಿನ ತಳದ ಮೀನು, ಕಚ್ಚಿದ್ದು ಕೈಗೆ ತಿಳಿಯುವುದು ಕಷ್ಟ, ಕೋಲಿನ ತುದಿ ನೋಡುತ್ತಿರಬೇಕು. ಅಪ್ಪಯ್ಯ ನೋಡುತ್ತಿದ್ದರು. ಸುಮಾರು ಹೊತ್ತಿನ ಮೇಲೆ ತುದಿ ಎರಡು ಸಲ ತಲೆಯಾಡಿಸಿತು. ಬಲಗೈ ರೀಲಿನ ಹಿಡಿಕೆಯನ್ನು ಹುಡುಕಿಕೊಂಡು ಹೋಯಿತು. ಅರ್ಧ ಸುತ್ತು, ನಿಂತಿತು. ಮತ್ತೆ ಅರ್ಧ ಸುತ್ತು. ಸಹಾಯಕ್ಕೆ ಕೈ ಚಾಚಬೇಕೆನಿಸಿ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡೆ. ಗೇಣುದ್ದದ ಕಾಣೆ ಮೇಲೆ ಬರಲು ಎಷ್ಟು ಹೊತ್ತಾಯಿತೋ. ಅದನ್ನು ಗಾಳದಿಂದ ಬಿಡಿಸಲು ಮಾತ್ರ, “ನೀನೇ ತೆಗಿ” ಎಂದರು.

ಮುಂದಿನ ಚೌತಿಗೆ ಹೋದಾಗ ಕೋಲು ಹಳೆಯ ಬಿದಿರಿನ ಪಕ್ಕದಲ್ಲಿ, ಪಕ್ಕಾಸಿನ ಮೇಲೆ, ಏಳಡಿ ಉದ್ದಕ್ಕೆ ಮಲಗಿತ್ತು. ಕೊಟ್ಟ ದಿನ ಜೋಡಿಸಿದ್ದು, ಬಿಚ್ಚಿಯೇ ಇಲ್ಲ. ಉಪ್ಪುಗಾಳಿಗೆ ಜೋಡಣೆ ಕಚ್ಚಿಕೊಂಡಿತ್ತು. ಒಬ್ಬರಿಂದ ಬಿಡಿಸಲು ಆಗುವಂತಿರಲಿಲ್ಲ. ಇದಕ್ಕೆ ಒಂದು ಉಪಾಯವಿದೆ. ಇಬ್ಬರು ಎದುರುಬದುರು ನಿಂತು, ಪ್ರತಿಯೊಬ್ಬರೂ ಒಂದು ಕೈ ಜೋಡಣೆಯ ಆಚೆ, ಒಂದು ಕೈ ಈಚೆ ಹಿಡಿದು ಒಟ್ಟಿಗೆ ನೇರವಾಗಿ ಎಳೆಯಬೇಕು, ತಿರುಚಬಾರದು. ಅಂಗಳದಲ್ಲಿ ನಿಂತು ಎಳೆದೆವು. ಮೂರನೆಯ ಸಲಕ್ಕೆ ಟಪ್ ಎಂದು ಬಿಟ್ಟಿತು. ಅಪ್ಪಯ್ಯನ ಬಲಗೈ ಕೋಲನ್ನು ಬಿಟ್ಟಿರಲಿಲ್ಲ.

ಮೇಣದ ಬತ್ತಿ ತಂದು ಕೆಳತುಂಡಿನ ತುದಿಗೆ ತಿಕ್ಕಿದೆ. ಹೀಗೆ ಮಾಡಿದರೆ ಇನ್ನು ಕಚ್ಚುವುದಿಲ್ಲ, ಪ್ರತಿ ಸಲ ಬಿಚ್ಚಿ ಪೈಪಿನಲ್ಲಿಡಿ ಎಂದೆ. ಅಷ್ಟರಲ್ಲಿ ಅವರು ಚುಕ್ಕಿಗೆ ಚುಕ್ಕಿ ಸೇರಿಸಿ ಜೋಡಿಸಿಯಾಗಿತ್ತು.

“ಈಗ ತೆಗ್ದ್ ಇಟ್ಟ್ ಎಂತ ಮಾಡುಕಿತ್ತ್? ಬೊಂಬಾಯಿಗ್ ಬಪ್ಪತಿಗ್ ತೆಗ್ದ್ರ್ ಆಯ್ತಲ್ದಾ.”

ಪೈಪೆಲ್ಲಿ ಎಂದು ಕೇಳಿದೆ. ಹಿತ್ತಿಲ ಕಡೆ ಕೈ ತೋರಿಸಿದರು. ಎರಡೂ ಮುಚ್ಚಳ ಕಳಚಿಕೊಂಡ ಪಿವಿಸಿ ಪೈಪು ಬಚ್ಚಲ ನೀರನ್ನು ಬಸಳೆ ಚಪ್ಪರದ ಬುಡಕ್ಕೆ ಹಾಯಿಸುತ್ತಿತ್ತು. ಬಸಳೆ ಆ ವರ್ಷ ಚೆನ್ನಾಗಿ ಬಂದಿತ್ತು.