ಆರು ತಂತಿ ಬಿಟ್ಟು ನಾಲ್ಕು ತಂತಿಗೆ

ಫೆಸ್ಟಿಗೆ ಇನ್ನು ಹತ್ತು ವಾರ ಇದ್ದಾಗ ನಾವಿಬ್ಬರೂ ಬ್ಯಾಂಡ್ ಬಿಟ್ಟೆವು. ಯಾರ ಜೊತೆಗೂ ಜಗಳ ಆಗಿರಲಿಲ್ಲ. ಬ್ಯಾಕ್‌ಲಾಗೂ ಕಾರಣ ಅಲ್ಲ. ಗಿಟಾರ್ ಬಿಟ್ಟು ವಯಲಿನ್ ಕಲಿಯಲು ಹೊರಟಿದ್ದೆವು. ಕೇಳಿದವರೆಲ್ಲ ನಕ್ಕರು. ಈಗ ಕಾರಣ ಹೇಳುತ್ತೇವೆ, ಆಮೇಲೆ ಬೇಕಾದರೆ ನಗಿ.

ನಾವು ಅಂದರೆ ಅಕ್ಕತಂಗಿಯರ ಮಕ್ಕಳು. ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಎಲೆಕ್ಟ್ರಾನಿಕ್ಸ್, ಹಾಸ್ಟೆಲಿನಲ್ಲಿ ಒಂದೇ ರೂಮು. ನಮ್ಮ ಅವ್ವಂದಿರ ತವರು ಭೀಮಾ ಹೊಳೆಯ ದಂಡೆಯ ದೇವಣಗಾಂವ. ಸಿಂದಗಿಯಲ್ಲಿ ಇಳಿದು ಆಲಮೇಲದ ಕಡೆ ಬಸ್ಸು ಹಿಡಿಯಬೇಕು. ಮೂರನೇ ಸೆಮಿಸ್ಟರಿನ ಪರೀಕ್ಷೆ ಮುಗಿದ ಮೇಲೆ ಅಲ್ಲಿಗೆ ಹೋಗಿದ್ದೆವು, ಸೀತನಿ ತಿನ್ನೋ ದಿನಗಳು. ಗಿಟಾರ್ ಕೂಡ ಹೊತ್ತೊಯ್ದಿದ್ದೆವು, ಊರಲ್ಲಿ ಸ್ವಲ್ಪ ಜೋರು ತೋರಿಸಬೇಕಲ್ಲ.

ನಮ್ಮ ಆಯಿಗೆ ಪಂಚಮಿ ಹಾಡುಗಳು ಬಹಳ ಬರುತ್ತವೆ. ಅದರಲ್ಲಿ ಒಂದು, ಹಬ್ಬಕ್ಕೆ ಕರೆಯಲು ಅಣ್ಣ ಇನ್ನೂ ಯಾಕೆ ಬರಲಿಲ್ಲ ಎಂದು ದಾರಿ ಕಾಯುವ ಹೆಣ್ಣುಮಗಳ ಹಾಡು. ಚಿಕ್ಕವರಿದ್ದಾಗ ಜೋಕಾಲಿ ತೂಗುತ್ತಾ ಆಯಿ ಅದನ್ನು ಪೂರ್ತಿ ಹಾಡುತ್ತಿದ್ದಳು. ಈ ಸಲ ಹಾಡು ಅಂದರೆ ಎರಡು ಸಾಲಿಗೇ ದಮ್ಮು ಹತ್ತಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ನಡುನಡುವೆ ಕೆಮ್ಮು, ಒಂದು ಸಾಲೂ ನೆಟ್ಟಗೆ ಸಿಗಲಿಲ್ಲ. ಅವ್ವಂದಿರನ್ನು ಕೇಳಿದೆವು. "ಮಾತು ಬರ್ತಾವ, ಧಾಟಿ ಬರೂದಿಲ್ಲ" ಅಂದರು. ಅಂದರೆ ಆ ಧಾಟಿ ಇಡೀ ಮನೆಯಲ್ಲಿ ಒಬ್ಬಳ ಗಂಟಲಲ್ಲಿ ಮಾತ್ರ ಉಳಿದಿತ್ತು. ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಕಟ್ಟೆಯ ಮೇಲೆ ಕೂತು ಗಿಟಾರಿನಲ್ಲಿ ಆ ಹಾಡಿನ ಸ್ವರ ಹುಡುಕಿದೆವು. ಸಿಕ್ಕವು, ಒಂದೂ ತಪ್ಪಿರಲಿಲ್ಲ. ಆಯಿ ಕಣ್ಣು ಮುಚ್ಚಿ ಕೇಳಿದಳು.

"ಚಂದ ಬಾರಸ್ತೀರಿ ತಮ್ಮಾ. ಆದ್ರ ಇದು ಮೆಟ್ಟಿಲ ಇಳದಂಗ ಆತು. ನನ್ನ ಹಾಡು ಹೊಳಿ ದಂಡಿ ಇಳದಂಗ ಐತಿ."

ನಾಲ್ಕು ವರ್ಷ ಗಿಟಾರ್ ಬಾರಿಸಿದ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಯೋಚಿಸಿದರೆ ಆಯಿ ಹೇಳಿದ್ದು ಶುದ್ಧ ಇಂಜಿನಿಯರಿಂಗ್. ಗಿಟಾರಿನ ಕುತ್ತಿಗೆಯ ಮೇಲೆ ಫ್ರೆಟ್ ಇರುತ್ತವೆ. ಒಂದೊಂದು ಫ್ರೆಟ್ ಮುಂದೆ ಹೋದಂತೆ ಆವರ್ತನ 1.0595 ಪಟ್ಟು ಏರುತ್ತದೆ, ಅಂದರೆ 2ರ ಹನ್ನೆರಡನೇ ಮೂಲ. ಸಾಮಾನ್ಯ ಗಿಟಾರಿನಲ್ಲಿ ಮೊದಲ ಫ್ರೆಟ್ ಸುಮಾರು 36 ಮಿ.ಮೀ. ದೂರದಲ್ಲಿದೆ. ಆ ಜಾಗದೊಳಗೆ ಬೆರಳು ಎಲ್ಲಿ ಒತ್ತಿದರೂ ಸ್ವರ ಒಂದೇ. ನಮ್ಮ ತಪ್ಪನ್ನು ಫ್ರೆಟ್ ಮುಚ್ಚಿ ಕಾಪಾಡುತ್ತದೆ, ಆದರೆ ಎರಡು ಸ್ವರಗಳ ನಡುವಿನ ದಾರಿಯನ್ನೂ ಅದೇ ಮುಚ್ಚಿಬಿಡುತ್ತದೆ. ಆಯಿಯ ಹಾಡು ಇದ್ದದ್ದು ಆ ದಾರಿಯಲ್ಲೇ.

"ಸ್ಟ್ರಿಂಗ್ ಬೆಂಡ್ ಮಾಡಬಹುದಲ್ಲ ಲೇ" ಅಂತ ನಮ್ಮ ಬ್ಯಾಂಡಿನವರು ಕೇಳಿದರು. ಮಾಡಬಹುದು. ಬ್ರಿಜ್‌ಭೂಷಣ ಕಾಬ್ರಾ, ವಿಶ್ವಮೋಹನ ಭಟ್ ಅವರಂಥವರು ತಂತಿಯ ಮೇಲೆ ಸ್ಲೈಡ್ ಜಾರಿಸಿ ಗಿಟಾರಿನಿಂದಲೂ ಹಾಡಿಸಿದ್ದಾರೆ. ಆದರೆ ತಂತಿ ಒಮ್ಮೆ ಮೀಟಿದರೆ ನಾದ ಇಳಿಯುತ್ತಲೇ ಹೋಗುತ್ತದೆ. ಉಸಿರು ಹಿಡಿದು ಎಳೆಯುವ ಹಾಡಿಗೆ ಬೇಕಾದದ್ದು ನಿಲ್ಲುವ ನಾದ. ವಯಲಿನ್ನಿನಲ್ಲಿ ರಾಳ ತಿಕ್ಕಿದ ಕುದುರೆ ಬಾಲದ ಕೂದಲು ತಂತಿಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸ್ವರ 240 ಹರ್ಟ್ಸ್ ಇದ್ದರೆ ಸೆಕೆಂಡಿಗೆ 240 ಸಲ. ಕಮಾನು ಸಾಗುವವರೆಗೂ ನಾದ ಸಾಗುತ್ತದೆ.

ಗಿಟಾರಿನಂತೆ ವಯಲಿನ್ನೂ ಪಾಶ್ಚಾತ್ಯರದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಸುಮಾರು ಇನ್ನೂರು ವರ್ಷದ ಹಿಂದೆಯೇ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಮ್ಮವರು ತಂತಿಗಳನ್ನು ಸಾ-ಪ, ಸಾ-ಪ ಎಂದು ಶ್ರುತಿ ಮಾಡಿಕೊಂಡರು, ನಿಲ್ಲುವುದು ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂತರು, ವಾದ್ಯದ ತುದಿಯನ್ನು ಬಲಗಾಲ ಪಾದದ ಮೇಲೆ ಊರಿದರು. ಮೈಸೂರು ಟಿ. ಚೌಡಯ್ಯನವರು (1895–1967) ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು 7 ತಂತಿಯ ವಯಲಿನ್ ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ವಯಲಿನ್ ಆಕಾರದಲ್ಲಿದೆ. ಹಿಂದುಸ್ತಾನಿಯಲ್ಲಿ ಎನ್. ರಾಜಂ ವಯಲಿನ್ನನ್ನು ಗಾಯಕಿ ಶೈಲಿಯಲ್ಲಿ, ಗಂಟಲು ಹಾಡಿದಂತೆಯೇ ನುಡಿಸುತ್ತಾರೆ. ರೂಮಿನಲ್ಲಿ ಅವರ ಧ್ವನಿಮುದ್ರಣ ಕೇಳಿದ ರಾತ್ರಿಯೇ ನಮ್ಮ ನಿರ್ಧಾರ ಆಯಿತು.

ಎರಡೂ ಗಿಟಾರ್ ಮಾರಿ ಒಂದು ಸೆಕೆಂಡ್ ಹ್ಯಾಂಡ್ ವಯಲಿನ್ ತಂದೆವು. ಇಬ್ಬರಿಗೂ ಅದೊಂದೇ. ಒಬ್ಬ ಬಾರಿಸಿದರೆ ಇನ್ನೊಬ್ಬ ತಂಬೂರಿ ಆ್ಯಪ್ ಹಿಡಿದು ಕೂಡುವುದು.

ಮೊದಲ ಐದು ವಾರ ನಮ್ಮ ಸರ್ ಎಡಗೈ ಬೆರಳನ್ನು ತಂತಿಗೆ ಮುಟ್ಟಿಸಲು ಬಿಡಲಿಲ್ಲ. ಬರೀ ಕಮಾನು. ಮೇಲೆ, ಕೆಳಗೆ, ನೆಟ್ಟಗೆ, ಒಂದೇ ಒತ್ತಡ. ಕೈ ಸ್ವಲ್ಪ ಸೊಟ್ಟ ಆದರೆ ಸಾಕು, ಕರಕರ ಸದ್ದು. ಪಕ್ಕದ ರೂಮಿನವರು "ಬೆಕ್ಕು ಸಾಕೀರೇನು?" ಎಂದು ಕೇಳಿದರು, ಆಮೇಲೆ ವಾರ್ಡನ್‌ಗೆ ಅರ್ಜಿಯನ್ನೂ ಕೊಟ್ಟರು. ಅಂದಿನಿಂದ ನಮ್ಮ ರಿಯಾಜು ನೀರಿನ ಟ್ಯಾಂಕಿನ ಪಕ್ಕ, ಟೆರೇಸಿನ ಮೇಲೆ.

ಬೆರಳು ಇಡುವ ದಿನ ಬಂದಾಗ ಫ್ರೆಟ್ಟಿನ ಬೆಲೆ ಗೊತ್ತಾಯಿತು. ವಯಲಿನ್ನಿನಲ್ಲಿ ನಾದ ಕೊಡುವ ತಂತಿ ಸುಮಾರು 33 ಸೆಂ.ಮೀ. ಉದ್ದ. ಒಂದು ಅರೆಸ್ವರವನ್ನು 100 ಸೆಂಟ್ ಎಂದು ಎಣಿಸಿದರೆ, ತಂತಿಯ ತಲೆಯ ಹತ್ತಿರ ಬೆರಳು 1 ಮಿ.ಮೀ. ಸರಿದರೆ ಸುಮಾರು 5 ಸೆಂಟ್ ವ್ಯತ್ಯಾಸ. ತಂತಿಯ ನಡುಮಧ್ಯಕ್ಕೆ ಬಂದರೆ ಅದೇ 1 ಮಿ.ಮೀ.ಗೆ 10 ಸೆಂಟ್. ಲ್ಯಾಬಿನಲ್ಲಿ ಟಾಲರೆನ್ಸ್ ಎಂದು ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ಅದು ಕಿವಿಗೆ ಚುಚ್ಚುತ್ತದೆ, ಗೆರೆ ಎಳೆದು ತೋರಿಸುವವರೂ ಇಲ್ಲ.

ಖರೇ ಹೇಳಬೇಕಂದ್ರೆ, ಕಷ್ಟ ಆದದ್ದು ಬೆರಳಿಗಲ್ಲ. ಫೆಸ್ಟಿನ ರಾತ್ರಿ ನಮ್ಮದೇ ಬ್ಯಾಂಡ್ ವೇದಿಕೆ ಮೇಲಿತ್ತು, ನಾವು ಕೆಳಗೆ ಕುರ್ಚಿಯಲ್ಲಿ. ನಾವು ಕೂಡಿಸಿದ್ದ ಹಾಡಿಗೇ ಎಲ್ಲರೂ ಕುಣಿದರು. ಹೋದ ವರ್ಷ ನಮ್ಮ ಹೆಸರು ಕೂಗಿದ್ದ ಜೂನಿಯರ್ ಒಬ್ಬ "ಅಣ್ಣಾ, ಈಗ ಏನು ಬಾರಿಸ್ತೀರಿ?" ಅಂತ ಕೇಳಿದ. "ಸಾ" ಅಂದೆವು. ಅವನು ತಮಾಷೆ ಅಂದುಕೊಂಡ. ನಮಗೆ ಆಗ ಬರುತ್ತಿದ್ದದ್ದು ನಿಜವಾಗಿಯೂ ಅಷ್ಟೇ.

ಪಂಚಮಿಗೆ ಊರಿಗೆ ಹೋದೆವು. ಆರೂವರೆ ತಿಂಗಳ ವಿದ್ಯೆ, ಆ ಹಾಡಿನ ಮೊದಲ ಎರಡು ಸಾಲು ಮಾತ್ರ. ಆಯಿ ಮೊದಲಿಗಿಂತ ಸೊರಗಿದ್ದಳು, ಮಾತೂ ಕಡಿಮೆ ಆಗಿತ್ತು. ಉಂಡಿ ಕಟ್ಟುತ್ತಿದ್ದ ಅವ್ವಂದಿರು ಕೈ ತೊಳೆದುಕೊಂಡು ಬಂದು ಕೂತರು. ಒಬ್ಬ ಬಾರಿಸಿದ, ಇನ್ನೊಬ್ಬ ಶ್ರುತಿ ಹಿಡಿದ. ಕೈ ನಡುಗಿತು, ಎರಡು ಕಡೆ ಕರಕರ ಅಂದಿತು.

ಮುಗಿದ ಮೇಲೆ ಆಯಿ ಸುಮ್ಮನೆ ಕೂತಿದ್ದಳು. ಆಮೇಲೆ, "ಬೆಕ್ಕು ಅತ್ತಂಗ ಆತು" ಅಂದಳು. ಎಲ್ಲರೂ ನಕ್ಕರು. "ಆದ್ರ ಹಾಡು ಅದ ಐತಿ. ಇನ್ನೊಮ್ಮೆ ಬಾರಸು, ಅಲ್ಲಿ ಇಳಿಯೂದು ಸಾವಕಾಶ ಇಳಿ."

ಇನ್ನೊಮ್ಮೆ ಬಾರಿಸಿದೆವು. ಸ್ವರ ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಆಯಿ ಕೈ ಆಡಿಸಿ ತೋರಿಸಿದಳು. ಹಾಡಲು ದಮ್ಮು ಸಾಲದಿದ್ದರೂ ಕೈಗೆ ಎಲ್ಲ ನೆನಪಿತ್ತು. ಮೂರನೇ ಸಲಕ್ಕೆ ದೊಡ್ಡವ್ವ ಮೆಲ್ಲಗೆ ದನಿ ಕೂಡಿಸಿದಳು. ಧಾಟಿ ಬರೂದಿಲ್ಲ ಅಂದಿದ್ದವಳೇ.

ನಿಮ್ಮ ಮನೆಯಲ್ಲೂ ಇಂಥ ಆಯಿ ಇದ್ದರೆ ಈ ಸೂಟಿಗೆ ಹೋಗಿ ಕೂತು ಕೇಳಿ, ವಾದ್ಯ ಬರದಿದ್ದರೂ ನಡೆಯುತ್ತದೆ. ನಮ್ಮದು ಇನ್ನೂ ಆರು ಸಾಲು ಬಾಕಿ ಇದೆ. ದೀಪಾವಳಿಗೆ ಮತ್ತೆ ಹೊರಡುತ್ತೇವೆ. ಅಲ್ಲಿಯವರೆಗೆ ಸಂಜೆ ಏಳಕ್ಕೆ ಟ್ಯಾಂಕಿನ ಕಡೆಯಿಂದ ಬೆಕ್ಕು ಅತ್ತಂತೆ ಕೇಳಿದರೆ ದಯವಿಟ್ಟು ವಾರ್ಡನ್‌ಗೆ ಹೇಳಬೇಡಿ, ಅದು ನಾವೇ.