ನಮ್ಮ ಬಾಡಿಗೆ ಮನೆಯ ಚಕ್ಕುಬಂದಿ

"ಅಮ್ಮಾ, ನಮ್ಮನೆ ಎಷ್ಟಕ್ಕೆ ಮಾರಿದ್ವಿ?"

ರಾತ್ರಿ ಊಟದ ಹೊತ್ತಿಗೆ 9 ವರ್ಷದ ಮಗಳು ಕೇಳಿದಳು. ಅಂದು ಸಂಜೆ ಮಾಲೀಕರು ಬಂದಿದ್ದರು. ಮಗನಿಗೆ ಮದುವೆ ಗೊತ್ತಾಗಿದೆ, ಕರಾರು ಮುಗಿದ ಮೇಲೆ ಮನೆ ಬಿಟ್ಟುಕೊಡಿ ಎಂದು ನಯವಾಗಿಯೇ ಹೇಳಿ ಹೋಗಿದ್ದರು.

"ಮಾರಿಲ್ಲ ಪುಟ್ಟಿ, ಇದು ನಮ್ಮದಲ್ಲ" ಎಂದೆ.

"ನಾನು ಹುಟ್ಟಿದಾಗಿಂದ ಇಲ್ಲೇ ಇದೀವಲ್ವಾ?"

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದಿರಬಹುದು. ನಮ್ಮದು ಮಸ್ಕತ್‌ನ ಮದೀನತ್ ಸುಲ್ತಾನ್ ಖಾಬೂಸ್. 1970ರ ದಶಕದಲ್ಲಿ ಎದ್ದ ಬಡಾವಣೆ. ಬಾಯಲ್ಲಿ ಎಲ್ಲರಿಗೂ ಬರೀ 'ಎಂಕ್ಯೂ'. 2006ರ ಕಾನೂನು ವಿದೇಶಿಯರಿಗೆ ಅಲ್ ಮೌಜ್‌ನಂಥ ಪ್ರವಾಸಿ ವಸತಿ ಸಂಕೀರ್ಣಗಳಲ್ಲಿ ಮನೆ ಕೊಳ್ಳಲು ದಾರಿ ಮಾಡಿತು. ನಮ್ಮ ಬಡಾವಣೆ ಆ ಪಟ್ಟಿಯಲ್ಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಕೈಯಲ್ಲಿರುವುದು ಬಾಡಿಗೆ ಕರಾರು, ಬರೆದುಕೊಟ್ಟ ಚೆಕ್ಕುಗಳ ಲೆಕ್ಕ, ಅಷ್ಟೇ.

"ಕಾರಿಗೆ ಮುಲ್ಕಿಯಾ ಇದೆ. ಮನೆಗಿಲ್ವಾ?" ಎಂದಳು. ಕಾರಿನ ನೋಂದಣಿ ಕಾರ್ಡಿಗೂ ಆಸ್ತಿ ಪತ್ರಕ್ಕೂ ಇಲ್ಲಿ ಒಂದೇ ಮಾತು. "ಇದೆ, ಅದು ಮಾಲೀಕರ ಹತ್ತಿರ ಇದೆ" ಎಂದೆ. ಆಮೇಲೆ ಅವಳು ಮಾತಾಡಲಿಲ್ಲ.

ಶುಕ್ರವಾರ ತುಮಕೂರಿನ ತಾತನಿಗೆ ಫೋನ್ ಮಾಡಿದಾಗ ಈ ವಿಷಯ ಬಂತು. ಅಪ್ಪ ತಮ್ಮ ಮನೆಯ ಹಳೆಯ ಕ್ರಯಪತ್ರದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಯಾರು ಮಾರಿದರು, ಯಾರು ಕೊಂಡರು, ಅದಕ್ಕೂ ಮೊದಲು ಯಾರದಿತ್ತು ಎಲ್ಲ ಅದರಲ್ಲಿತ್ತು. ಕೊನೆಗೆ ಚಕ್ಕುಬಂದಿ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಶಾನುಭೋಗರ ಹಿತ್ತಿಲು, ಉತ್ತರಕ್ಕೆ ಬಾವಿ, ದಕ್ಷಿಣಕ್ಕೆ ರಸ್ತೆ.

"ಹಿತ್ತಿಲು ಅಂದ್ರೆ?" "ಓಣಿ ಅಂದ್ರೆ?" ತಾತ ಒಂದೊಂದಾಗಿ ಬಿಡಿಸಿ ಹೇಳಿದರು. "ಸುತ್ತ ಏನಿದೆ ಅಂತ ಬರೆದ್ರೆ ನಡುವೆ ಇರೋದೇ ನಮ್ಮನೆ ಕಣಮ್ಮ" ಎಂದರು. ಕನ್ನಡ ಪುಸ್ತಕ ಹಿಡಿದರೆ ಹತ್ತು ನಿಮಿಷ ಕೂರದವಳು ಅಂದು ಒಂದು ಗಂಟೆ ಕೂತಳು.

ಮರುದಿನ ಅವಳೇ ಒಂದು ಪತ್ರ ಬರೆದು ತಂದಳು:

"ನಮ್ಮ ಎಂಕ್ಯೂ ಮನೆಯ ಚಕ್ಕುಬಂದಿ. ಪೂರ್ವಕ್ಕೆ ಬೆಕ್ಕು ಮಲಗುವ ಗೋಡೆ. ಪಶ್ಚಿಮಕ್ಕೆ ಸಾರಾ ಆಂಟಿ ಮನೆ, ಖರ್ಜೂರದ ಮರ. ಉತ್ತರಕ್ಕೆ ರಸ್ತೆ, ಅದರಾಚೆ ದೊಡ್ಡ ಹೈವೇ, ಅದರಾಚೆ ಸಮುದ್ರ. ದಕ್ಷಿಣಕ್ಕೆ ಕಂದು ಬೆಟ. ನಡೆದುಕೊಂಡು ಹೋಗುವ ಅಂಗಡಿ ಇದೆ. ಕಾರ್ಗೀನ್ ಕೆಫೆಯಲ್ಲಿ ಮರದ ಕೆಳಗೆ ಕೂರಬಹುದು."

'ಬೆಟ'ಕ್ಕೆ ಒತ್ತಕ್ಷರ ಇರಲಿಲ್ಲ. ನಾನು ತಿದ್ದಲಿಲ್ಲ. ತಿದ್ದುವುದಕ್ಕೆ ಬೇರೆ ದಿನಗಳಿವೆ.

ನೀವೂ ಒಮ್ಮೆ ಮಾಡಿ ನೋಡಿ. ಊರಿನ ಮನೆಯ ಪತ್ರ ತರಿಸಿ, ಮೊದಲು ಜೊತೆಯಲ್ಲಿ ಓದಿ. ನಿಮ್ಮ ಕಡೆಯ ಪತ್ರದಲ್ಲಿ ಬೇರೆಯೇ ಮಾತುಗಳಿರಬಹುದು. ಅವನ್ನು ಅಜ್ಜ ಅಜ್ಜಿಯೇ ವಿವರಿಸಲಿ. ಆಮೇಲೆ ನೀವಿರುವ ಮನೆಯದ್ದನ್ನು ಮಕ್ಕಳು ಬರೆಯಲಿ. ಬಾಡಿಗೆ ಮನೆಯಾದರೂ ಪರವಾಗಿಲ್ಲ, ಚಕ್ಕುಬಂದಿ ಬರೆಯಲು ಮುಲ್ಕಿಯಾ ಬೇಕಿಲ್ಲ.

ಹೋದ ತಿಂಗಳು ಅಲ್ ಖುವೈರ್‌ನಲ್ಲಿ ಫ್ಲಾಟ್ ನೋಡಲು ಹೋದೆವು. ನಾನು ಅಡುಗೆಮನೆ ನೋಡುತ್ತಿದ್ದೆ, ಇವರು ಪಾರ್ಕಿಂಗ್ ವಿಚಾರಿಸುತ್ತಿದ್ದರು. ಮಗಳು ಬಾಲ್ಕನಿಗೆ ಹೋಗಿ ನಿಂತು ಕೂಗಿದಳು: "ಅಮ್ಮಾ, ಇಲ್ಲಿ ಪೂರ್ವ ಯಾವ ಕಡೆ?"